ಬಲಸೆರಗಿನ ಚೀಲ

ಸೂಜಿಯ ಕಣ್ಣು ಎರಡಾಗಿ ಕಾಣಲು ಶುರುವಾದ ವರ್ಷ ನಾನು ಹೊಲಿಗೆ ಬಿಟ್ಟೆ. ಹಾರ ಹಾಕಿ ಬೀಳ್ಕೊಡಲು ನನಗೆ ಕಚೇರಿ ಇರಲಿಲ್ಲ, ಪಿಂಚಣಿ ಕೊಡಲು ಸರ್ಕಾರವೂ ಇರಲಿಲ್ಲ. ಮುಳಬಾಗಿಲಿನ ನಮ್ಮ ನಡುಮನೆಯೇ ನನ್ನ ಕಾರ್ಖಾನೆ, ನನ್ನ ಅತ್ತೆ ಚಿನ್ನಮ್ಮನವರೇ ನನ್ನ ಮೇಲಧಿಕಾರಿ. ಅವರ ಕೈಕೆಳಗೆ ದುಡಿದವಳು ಯಾವ ಸರ್ಕಾರದ ಕೈಕೆಳಗಾದರೂ ದುಡಿಯಬಲ್ಲಳು, ಆ ಮಾತು ಬೇರೆ.

ಈಗ ನಮ್ಮ ಬೀದಿಯ ಕೊನೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಶಾಲೆ ಆಗಿದೆ. ಅಲ್ಲಿಯ ಹುಡುಗಿಯರು ಪಾಠ ಮುಗಿಸಿ ನಮ್ಮ ಜಗಲಿಗೆ ಬಂದು ಕೂರುತ್ತಾರೆ. "ಅಜ್ಜೀ, ಬಗಲ ಚೀಲಕ್ಕೆ ಅಳತೆ ಏನು?" ಎಂದು ಪುಸ್ತಕ ಬಿಚ್ಚಿಕೊಂಡು ಕೇಳುತ್ತಾರೆ. ಉದ್ದ ಇಷ್ಟು, ಅಗಲ ಇಷ್ಟು, ಪಟ್ಟಿ ಇಷ್ಟು ಎಂದುಬಿಟ್ಟರೆ ಬರೆದುಕೊಂಡು ಎದ್ದು ಹೋಗುತ್ತಾರೆ. ನಾನು ಹೇಳುವುದಿಲ್ಲ. ಮುದುಕಿಗೆ ಮರೆವು ಎಂದು ಅವರು ತಿಳಿದಿದ್ದಾರೆ. ಮರೆವಲ್ಲ, ಹಾಗೆ ಅಳತೆ ಹಿಡಿದು ಹೊಲಿದು ಒಮ್ಮೆ ಮರ್ಯಾದೆ ಕಳೆದುಕೊಂಡವಳು ನಾನು. ಅದನ್ನೇ ಇಲ್ಲಿ ಬರೆದಿದ್ದೇನೆ. ನಡುನಡುವೆ ಜಂಬ ಕಂಡರೆ ಸಹಿಸಿಕೊಳ್ಳಿ. ಜಂಬ ಪಡುವಷ್ಟು ಕೆಲಸ ನಾನು ಮಾಡಿದ್ದೇನೆ.

ನಾನು ಕೋಲಾರದ ಪೇಟೆಯ ಹುಡುಗಿ, ಹೆಸರು ಲಕ್ಷ್ಮೀದೇವಿ. ಮುಳಬಾಗಿಲಿಗೆ ಸೊಸೆಯಾಗಿ ಬಂದ ಮೇಲೆ ಲಚ್ಚಿಯಾದೆ. ನಮ್ಮ ಯಜಮಾನರು ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ದರ್ಜಿ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ಅವರು ಕಾಲಲ್ಲಿ ತುಳಿಯುವ ಹೊಸ ಮೆಷಿನ್ ತಂದರು. ಕೈಯಲ್ಲಿ ತಿರುಗಿಸುವ ಹಳೆಯ ಮೆಷಿನ್ ಮನೆಗೆ ಬಂತು. ಅದು ನನಗೆ ಬಂದದ್ದೆಂದು ಒಂದು ಗಳಿಗೆ ಹಿಗ್ಗಿದ್ದೆ. ಆದರೆ ಅದರ ಹಣೆಬರಹ ಆಗಲೇ ಬರೆದಾಗಿತ್ತು. ನನ್ನ ನಾದಿನಿ ಪುಟ್ಟಮ್ಮನನ್ನು ಅದೇ ವರ್ಷ ಮಾಲೂರಿಗೆ ಕೊಟ್ಟಿದ್ದರು. ಅವಳ ಗಂಡ ಕೃಷ್ಣಪ್ಪನೂ ದರ್ಜಿಯೇ. ಮದುವೆ ಚಪ್ಪರದಲ್ಲಿ ಎರಡೂ ಕಡೆಯ ಹಿರಿಯರ ಎದುರಿಗೆ ನಮ್ಮ ಅತ್ತೆ ಹೇಳಿಬಿಟ್ಟಿದ್ದರು: "ನನ್ನ ಮಗಳ ಚೊಚ್ಚಲ ಬಾಣಂತನ ಮುಗಿಸಿ ಕಳಿಸ್ತೀನಲ್ಲ, ಆವತ್ತು ತೊಟ್ಟಿಲ ಜೊತೆ ಈ ಮೆಷಿನ್ನೂ ಕಳಿಸ್ತೀನಿ."

ಅಲ್ಲಿಯವರೆಗೆ ಮೆಷಿನ್ ನಡುಮನೆಯಲ್ಲಿ ಇರಬೇಕಿತ್ತು. ಸುಮ್ಮನೆ ಇಟ್ಟರೆ ತುಕ್ಕು ಹಿಡಿಯುತ್ತದೆ, ದಿನಾ ಒಂದಿಷ್ಟು ತಿರುಗಿಸುತ್ತಿರು ಎಂದು ಯಜಮಾನರು ನನಗೆ ಹೇಳಿದರು. ಹಾಗೆ ತುಕ್ಕಿನ ನೆಪದಲ್ಲಿ ನನ್ನ ವೃತ್ತಿ ಶುರುವಾಯಿತು.

ಅಂಗಡಿಯಲ್ಲಿ ಉಳಿದ ಖಾಕಿ, ಡ್ರಿಲ್ ಬಟ್ಟೆಯ ತುಂಡುಗಳನ್ನು ಜೋಡಿಸಿ ಮೊದಲ ಚೀಲವನ್ನು ಯಜಮಾನರಿಗೇ ಹೊಲಿದೆ. ಅಳತೆ ತೆಗೆಯಲು ಅವರು ಸೈಕಲ್ಲಿನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದರು. ಟೇಪು, ಕತ್ತರಿ, ಸೀಮೆಸುಣ್ಣಗಳನ್ನು ಜೇಬಿಗೆ ತುರುಕಿಕೊಂಡು ಹೋಗಿ ಅರ್ಧ ದಾರಿಯಲ್ಲಿ ಕಳೆದುಕೊಂಡು ಬರುವರು. ಕೈಚೀಲ ಹ್ಯಾಂಡಲಿಗೆ ತೂಗು ಹಾಕಿದರೆ ಚಕ್ರಕ್ಕೆ ಸಿಕ್ಕಿಕೊಳ್ಳುವುದು. ಅದಕ್ಕೆ ಒಂದು ಭುಜದಿಂದ ಎದೆಯ ಮೇಲೆ ಅಡ್ಡಲಾಗಿ ಇಳಿದು ಇನ್ನೊಂದು ಬದಿಯ ಸೊಂಟಕ್ಕೆ ಕೂರುವ ಹಾಗೆ ಉದ್ದ ಪಟ್ಟಿ ಹಾಕಿದೆ. ಒಳಗೆ ಕತ್ತರಿಗೊಂದು ಮನೆ, ಟೇಪಿಗೊಂದು ಮನೆ. ಅವರು ಅದನ್ನು ಹಾಕಿಕೊಂಡು ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ನಕ್ಕರು.

"ಭಿಕ್ಷಕ್ಕೆ ಹೊರಟಂಗಿದೆ ಕಣೋ. ನಮ್ಮನೇಗೆ ಚೀಲದಮ್ಮ ಬಂದ್ಳಲ್ಲಪ್ಪಾ!"

ಆ ಹೆಸರು ಬೀದಿಯವರ ಬಾಯಿಗೂ ಬಿತ್ತು. ನೀರಿಗೆ ಹೋದರೆ "ಚೀಲದಮ್ಮ ಬಂದ್ಲು, ದಾರಿ ಬಿಡ್ರೇ" ಎನ್ನುವರು. ನನಗೆ ಮೈ ಉರಿಯುತ್ತಿತ್ತು. ಆದರೆ ಆ ಚೀಲ ಕಂಡವರು ಒಬ್ಬೊಬ್ಬರಾಗಿ ಬರತೊಡಗಿದರು. ಶಾನುಭೋಗರಿಗೆ ಮಸಿ ಕುಡಿಕೆ ಮಗುಚದ ಹಾಗೆ ಬೇಕು. ಸ್ಕೂಲ್ ಮೇಷ್ಟರಿಗೆ ಬೆತ್ತದ ತುದಿ ಹೊರಗೆ ಕಾಣದ ಹಾಗೆ ಬೇಕು. ಮಕ್ಕಳು ದೂರದಿಂದಲೇ ನೋಡಿ ಓಡಿಹೋಗುತ್ತಾರಂತೆ. ಅವರವರಿಗೆ ಬೇಕಾದ ಹಾಗೆ ಮನೆ, ಮುಚ್ಚಳ, ಗುಂಡಿ ಬದಲಾಯಿಸುವುದರಲ್ಲಿ ನನಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಸಾರು ಸೀದ ದಿನಗಳೂ ಉಂಟು.

ಒಂದು ಸಂಗತಿ ನಾಚಿಕೆಯಾದರೂ ಬರೆಯಬೇಕು. ಮದುವೆಯಾಗಿ ಒಂದು ವರ್ಷ, ಎರಡು ವರ್ಷ ಕಳೆದರೂ ಪುಟ್ಟಮ್ಮನಿಗೆ ಮಕ್ಕಳಾಗಲಿಲ್ಲ. ಮಾಲೂರಿನಿಂದ ಕಾಗದ ಬಂದಾಗಲೆಲ್ಲ ಅತ್ತೆ ಆಸೆಯಿಂದ ಓದಿಸಿಕೊಂಡು, ವಿಶೇಷವಿಲ್ಲವೆಂದು ತಿಳಿದು ಸಪ್ಪಗಾಗುವರು. ನಾನು ಒಳಗೆ ಹೋಗಿ ಮೆಷಿನ್ನಿಗೆ ಎಣ್ಣೆ ಬಿಡುವೆ. ಅವಳಿಗೆ ಮಗುವಾಗದಿರಲಿ ಎಂದು ನಾನು ಒಂದು ದಿನವೂ ಬೇಡಿಕೊಂಡಿಲ್ಲ, ದೇವರಾಣೆ. ಆಗಲಿ ಎಂದೂ ಬೇಡಿಕೊಂಡಿಲ್ಲ. ನನ್ನನ್ನು ಅಕ್ಕನಿಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದ ಹುಡುಗಿ ಅವಳು. ಆ ಎರಡು ವರ್ಷದ ನನ್ನ ಎಣ್ಣೆ ಬಿಡುವ ಕೆಲಸ ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಆ ದಿನಗಳಲ್ಲೇ ಶಿವಾರಪಟ್ಟಣದ ವೀರಾಚಾರಿ ನಮ್ಮ ಮನೆಗೆ ಬಂದದ್ದು. ಮುಳಬಾಗಿಲ ಕಡೆಯ ಹಳ್ಳಿಯೊಂದರ ಗುಡಿಗೆ ವಿಗ್ರಹ ಒಪ್ಪಿಸಲು ಗಾಡಿ ಹೊಡೆದುಕೊಂಡು ಬಂದಿದ್ದ. ಕಲ್ಲು ಕೆತ್ತುವ ಉಳಿಗಳನ್ನು ಗೋಣಿಯಲ್ಲಿ ಸುತ್ತಿಟ್ಟರೆ ಒಂದಕ್ಕೊಂದು ತಾಗಿ ಮೊನೆ ಹೋಗುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಮನೆಯಿರುವ ಚೀಲ ಬೇಕು ಎಂದ. ನಾನು ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಮನೆ ಹೊಲಿದು ಕೊಟ್ಟೆ. ನೋಡಲು ಎಷ್ಟು ಚೆಂದವಿತ್ತೆಂದರೆ ಯಜಮಾನರೂ ಎರಡು ಸಲ ತಿರುಗಿಸಿ ನೋಡಿದರು.

ತಿಂಗಳಾಗುವುದರೊಳಗೆ ವೀರಾಚಾರಿ ಅದೇ ಚೀಲ ಹಿಡಿದು ಬಂದು ನಿಂತ. ತಳದಲ್ಲಿ ಸಾಲಾಗಿ ತೂತು. ಉಳಿಗಳು ಬಟ್ಟೆ ಕೊರೆದುಕೊಂಡು ಹೊರಗೆ ಬಂದಿದ್ದವು.

"ನಮ್ಮಪ್ಪನ ಕೈಯ ಉಳಿ ಅಮ್ಮಾ, ದಾರೀಲಿ ಜಾರಿಬಿಡ್ತು. ಎರಡು ಮೈಲಿ ಹಿಂದಕ್ಕೆ ನಡ್ಕೊಂಡು ಹೋಗಿ ಹುಡುಕ್ದೆ" ಎಂದ. ಕೋಪದ ಮಾತಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ಸಿಕ್ತಾ ಆಚಾರೀ?"

"ಸಿಕ್ತು. ಸಿಗ್ಲಿಲ್ಲ ಅಂದಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ."

ಗೋಡೆಗೊರಗಿ ಎಲೆಯಡಿಕೆ ಹಾಕುತ್ತಿದ್ದ ಅತ್ತೆ ಎದ್ದು ಒಳಗೆ ಹೋದರು. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಹೊದಿಕೆಗೆ ನಮ್ಮ ಕಡೆ ಬೊಂತೆ ಎನ್ನುತ್ತೇವೆ. ಅದನ್ನು ಹೊಲಿಯುವುದರಲ್ಲಿ ಅತ್ತೆಯ ಕೈ ಹೆಸರಾದದ್ದು. ಹರಿದ ಬೊಂತೆಯ ಒಂದು ಮೂಲೆ ಕತ್ತರಿಸಿ ತಂದು ವೀರಾಚಾರಿಯ ಮುಂದೆ ಎಸೆದರು.

"ಇದಕ್ಕೆ ಚುಚ್ಚಪ್ಪ ನಿನ್ ಉಳಿಯ, ನೋಡಾಣ."

ಚುಚ್ಚಿದ. ಉಳಿ ಅರ್ಧಕ್ಕೆ ನಿಂತಿತು. ಇನ್ನೂ ಬಲವಾಗಿ ಒತ್ತಿದ. ಆಚೆಗೆ ಮೊನೆ ಕಾಣಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ಮೆಷಿನ್ ಒಂದೇ ಹೊಲಿಗೆ ಅಲ್ಲ ಕಣೇ ಲಚ್ಚೀ, ಇದೂ ಹೊಲಿಗೇನೆ" ಎಂದರು. ಆ ಬೊಂತೆಯನ್ನೇ ತಳಕ್ಕೆ ಕೂರಿಸಲು ಹೋಗಿ ನಾನು ಮೆಷಿನ್ನಿನ ಎರಡು ಸೂಜಿ ಮುರಿದೆ. ಕೊನೆಗೆ ಅತ್ತೆಯ ದಬ್ಬಣ ತಗೊಂಡು ಕೈಯಲ್ಲೇ ಹೊಲಿದು ಕೊಟ್ಟೆ. ಆ ಚೀಲ ವೀರಾಚಾರಿಯ ಬಗಲಲ್ಲಿ ಹದಿನೈದು ವರ್ಷ ಇತ್ತು. ಮುಂದೆ ಯುದ್ಧ ಬಲವಾಗಿ ಬಟ್ಟೆಗೆ ಕಂಟ್ರೋಲ್ ಬಂದು ಹೊಸ ಬಟ್ಟೆ ಸಿಗದಾದಾಗ, ಬಜಾರಿನ ದರ್ಜಿಗಳೆಲ್ಲ ಕೈಕಟ್ಟಿ ಕೂತಿದ್ದರು. ನಾನು ಮಾತ್ರ ಜನ ತಂದುಕೊಟ್ಟ ಹಳೇ ಸೀರೆಯ ಬೊಂತೆಯಲ್ಲೇ ಇಡೀ ಇಡೀ ಚೀಲ ಹೊಲಿದೆ. ಅದು ಅತ್ತೆಯ ವಿದ್ಯೆ, ಹೆಸರು ಬಂದದ್ದು ನನಗೆ.

ಶ್ರೀನಿವಾಸಪುರದ ಮಾವಿನಕಾಯಿ ದಲ್ಲಾಳಿ ರಹೀಂ ಸಾಬರದು ಬೇರೆಯೇ ಕಥೆ. ತೋಪಿನ ವ್ಯಾಪಾರ ಆಗ ಬಾಯಲ್ಲಿ ನಡೆಯುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳು ಅದುಮಿ ದರ ಹೇಳಿಕೊಳ್ಳುವರು. ಸುತ್ತ ನಿಂತವರಿಗೆ ತಿಳಿಯಬಾರದು. "ಟವಲ್ ಗಾಳಿಗೆ ಹಾರೋಗ್ತದೆ ಬೇಟಿ, ಚೀಲಕ್ಕೇ ಇಷ್ಟುದ್ದ ಮುಚ್ಚಳ ಇಟ್ಟುಕೊಡು, ಎರಡು ಕೈಯಿ ಅದರಡಿ ಮುಚ್ಕೋಬೇಕು" ಎಂದರು. ಸೊಗಸಾಗಿ ಇಳಿಬೀಳಲೆಂದು ನಾನು ತೆಳ್ಳಗಿನ ಬಿಳಿ ಮಲ್ಲು ಬಟ್ಟೆಯ ಮುಚ್ಚಳ ಹಾಕಿದೆ. ಎಂಟು ದಿನಕ್ಕೆ ಸಾಬರು ಹಣೆ ಚಚ್ಚಿಕೊಳ್ಳುತ್ತ ಬಂದರು.

"ಬಿಸಿಲಲ್ಲಿ ಕೂತಿದ್ವಿ. ಎದುರುಗಡೆ ಇದ್ದ ಇನ್ನೊಬ್ಬ ದಲ್ಲಾಳಿ ಬಟ್ಟೆ ಮೇಲಿಂದಾನೇ ನನ್ನ ಬೆರಳು ಎಣಿಸಿಬಿಟ್ಟ! ತೋಪು ಅವನ ಪಾಲಾಯ್ತು."

ನಕ್ಕರೆ ತಪ್ಪಾಗುತ್ತದೆಂದು ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಗೆ ಸಾಬರೇ ಮೊದಲು ನಕ್ಕರು. ದಪ್ಪ ಕರೀ ಬಟ್ಟೆಯ ಅಸ್ತರು ಕೊಟ್ಟು ಬೇರೆ ಮುಚ್ಚಳ ಹೊಲಿದೆ. ಆ ಸುಗ್ಗಿ ಮುಗಿಯುವುದರೊಳಗೆ ಶ್ರೀನಿವಾಸಪುರದಿಂದ ಇನ್ನೂ ಆರು ಜನ ದಲ್ಲಾಳಿಗಳು ಅಂಥದೇ ಚೀಲಕ್ಕೆ ಹೇಳಿಕಳಿಸಿದರು. ಬೆರಳು ಎಣಿಸಿದವನೂ ಅವರಲ್ಲಿ ಒಬ್ಬ.

ಹೀಗೆ ನನ್ನ ಕೈ ಕುದುರುತ್ತಿರುವಾಗಲೇ ಮಾಲೂರಿನಿಂದ ಕಾಗದ ಬಂತು. ಪುಟ್ಟಮ್ಮನಿಗೆ ನಾಲ್ಕು ತಿಂಗಳು. ಅತ್ತೆ ಬೀದಿಗೆಲ್ಲ ಬೆಲ್ಲ ಹಂಚಿದರು. ನಾನೂ ತಿಂದೆ, ಸಿಹಿಯಾಗಿಯೇ ಇತ್ತು. ಆದರೆ ಮೆಷಿನ್ನಿನ ಹಿಡಿಕೆ ಮುಟ್ಟಿದಾಗ ಕಣ್ಣು ತುಂಬಿ ಬಂತು. ಇನ್ನು ಲೆಕ್ಕದ ದಿನ. ಅತ್ತೆ ಆಗಲೇ ಬಡಗಿಗೆ ತೊಟ್ಟಿಲು ಹೇಳಿದ್ದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಆಗ್ಲಿಲ್ವಾ ಅಮ್ಮಾ?" ಎಂದು ಯಜಮಾನರು ನಕ್ಕರೆ, "ನನ್ ಮಾತು ನನಗಿರಲಿ ಕಣೋ. ತೊಟ್ಟಿಲು, ಮೆಷಿನ್ನು ಎರಡೂ ಒಂದೇ ದಿನ ಈ ಹೊಸಿಲು ದಾಟ್ಬೇಕು" ಎಂದರು. ಅತ್ತೆ ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅದೇ ನನ್ನ ಸಂಕಟ.

ಏಳನೇ ತಿಂಗಳಿಗೆ ಪುಟ್ಟಮ್ಮ ತವರಿಗೆ ಬಂದಳು. ಹೆರಿಗೆಗೆ ಬೈರಕೂರಿನ ಸೂಲಗಿತ್ತಿ ಮುನಿಯಮ್ಮನನ್ನು ಗೊತ್ತು ಮಾಡಿದರು. ಮುನಿಯಮ್ಮನ ಕೈಗುಣಕ್ಕೆ ಸುತ್ತಿನ ಹಳ್ಳಿಗಳೆಲ್ಲ ಕೈ ಮುಗಿಯುತ್ತಿದ್ದವು. ಬರುತ್ತೇನೆಂಬ ಮಾತಿನ ಜೊತೆಗೇ ಅವಳಿಂದ ನನಗೊಂದು ಬೇಡಿಕೆಯೂ ಬಂತು. ಹರಳೆಣ್ಣೆ ಕುಡಿಕೆ, ದಾರ, ಶುದ್ಧವಾದ ಬಟ್ಟೆ ಇವನ್ನೆಲ್ಲ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡು ಬದುವಿನ ಮೇಲೆ ಓಡುವುದು ಕಷ್ಟ, ಬಗಲ ಚೀಲ ಬೇಕು. ಬರಲು ಅವಳಿಗೆ ಬಿಡುವೆಲ್ಲಿ? ತರಕಾರಿ ತರುವ ಗಂಡನ ಕೈಯಲ್ಲಿ ಗಂಟು ಹಾಕಿದ ದಾರ ಕಳಿಸಿದ್ದಳು. ಹೆಂಗಸರ ಅಳತೆ ಆಗ ಹಾಗೇ ಬರುತ್ತಿತ್ತು. ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಭುಜದಿಂದ ಸೊಂಟದವರೆಗಿನ ಉದ್ದ.

ನನ್ನ ಬುದ್ಧಿಯನ್ನೆಲ್ಲ ಅದರಲ್ಲಿ ಸುರಿದೆ. ಓಡುತ್ತಲೇ ಕೈ ಹಾಕುವ ಹಾಗೆ ಚೀಲದ ಬಾಯನ್ನು ಓರೆಯಾಗಿ ಮುಂದಕ್ಕೆ ಕತ್ತರಿಸಿದೆ. ಬಲ ಭುಜದ ಮೇಲೆ ಪಟ್ಟಿ, ಎಡ ಸೊಂಟದ ಮೇಲೆ ಚೀಲ. ನಾನೇ ಹಾಕಿಕೊಂಡು ಅಂಗಳದಲ್ಲಿ ಓಡಿ ನೋಡಿದೆ. ಅಷ್ಟು ಸಲೀಸಾದ ಚೀಲ ಅದುವರೆಗೆ ನಾನು ಹೊಲಿದಿರಲಿಲ್ಲ.

ಅವಳ ಗಂಡನ ಕೈಯಲ್ಲಿ ಚೀಲ ಕಳಿಸಿಕೊಟ್ಟ ಹತ್ತನೆಯ ದಿನ ಬೆಳಿಗ್ಗೆ ಮುನಿಯಮ್ಮ ತಾನೇ ಬಂದಳು. ಎತ್ತರದ ಹೆಂಗಸು, ಗಟ್ಟಿ ದನಿ. ಚೀಲವನ್ನು ನಮ್ಮ ಜಗಲಿಯ ಮೇಲೆ ಕುಕ್ಕಿದಳು.

"ಇದೇನಮ್ಮಾ ಚೀಲ? ನಾನೇನು ನಿನಗೆ ಅನ್ಯಾಯ ಮಾಡಿದ್ದೆ?" ಎಂದಳು. "ಅಲ್ಲೊಬ್ಬಳು ನೋವು ತಿಂತಾ ಇದ್ದಾಳೆ. ನಾನು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸ್ಬೇಕು ಅಂತ ಎಳೀತೀನಿ, ಪಟ್ಟಿ ಕಚ್ಕೊಂಡು ಕೂತದೆ, ಸೆರಗು ಬರಲ್ಲ. ಜಗ್ಗಿದ್ರೆ ಚೀಲಾನೇ ಮುಂದಕ್ಕೆ ಬಂದು ಆ ಬಸುರಿ ಹೊಟ್ಟೆ ಮೇಲೆ ಬಿತ್ತು. ಎಣ್ಣೆ ಕುಡಿಕೆ ಒಡೀತು. ಎಲ್ಲ ಹೆಂಗಸರ ಮುಂದೆ ಮಾನ ಹೋಯ್ತು ನನಗೆ! ನಿಮ್ಮನೆ ಹೆರಿಗೆಗೆ ಬರೀ ಕೈಲಿ ಬರ್ತೀನಿ, ಈ ಚೀಲ ಮಾತ್ರ ನನಗೆ ವದ್ದು!"

ಬೇಡವೇ ಬೇಡ ಎನ್ನುವುದನ್ನು ಅವಳು ತೆಲುಗಿನಲ್ಲಿ ಹೇಳಿದ್ದರಿಂದಲೇ ಸಿಟ್ಟು ಎಷ್ಟೆಂದು ತಿಳಿಯಿತು. ಚೀಲ ಎತ್ತಿಕೊಂಡೆ. ಆಗ ನೋಡಿದೆ, ಅವಳ ಸೆರಗು ಬಲ ಭುಜದ ಮೇಲಿತ್ತು.

ನಾನು ಪೇಟೆಯ ಹುಡುಗಿ, ಎಡಸೆರಗಿನವಳು. ನನ್ನ ಬಲ ಭುಜ ಖಾಲಿ, ಪಟ್ಟಿ ಅಲ್ಲಿ ಆರಾಮವಾಗಿ ಕೂರುತ್ತದೆ. ಹಳ್ಳಿಯ ಹಿರಿಯ ಹೆಂಗಸರಲ್ಲಿ ಎಷ್ಟೋ ಜನ ಬಲಸೆರಗಿನವರು. ಅವರಿಗೆ ನನ್ನ ಪಟ್ಟಿ ಸರಿಯಾಗಿ ಸೆರಗಿನ ಮೇಲೇ ಕೂತು ಅದುಮುತ್ತದೆ. ಪಟ್ಟಿಯನ್ನು ಎಡಕ್ಕೆ ಬದಲಾಯಿಸಿದರೆ ಓರೆ ಬಾಯಿ ಹಿಂದಕ್ಕೆ ತಿರುಗಿ ಸಾಮಾನೆಲ್ಲ ಉದುರುತ್ತದೆ. ದಾರ ಉದ್ದ ಹೇಳಿತ್ತು, ಯಾವ ಭುಜ ಎಂದು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮುನಿಯಮ್ಮ ಹೋದ ಮೇಲೆ ಅತ್ತೆ ಮೆಷಿನ್ನಿಗೆ ಮುಸುಕು ಹಾಕಿ ಅದರ ಮೇಲೆ ರಾಗಿ ಅಳೆಯುವ ಸೇರು ಇಟ್ಟರು. "ಸೂಲಗಿತ್ತಿ ಮನಸು ನೋಯಿಸಿದ್ರೆ ನನ್ ಮಗಳ ಗತಿ ಏನೇ? ಇನ್ನಿದನ್ನ ಮುಟ್ಬೇಡ. ಹೆಂಗೂ ಹೋಗೋ ಸಾಮಾನು" ಎಂದರು. ಪುಟ್ಟಮ್ಮ ಭಾರದ ಹೊಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಆ ದಿನ ನಾನು ಅತ್ತದ್ದು ಮೆಷಿನ್ ಹೋಗುತ್ತದೆಂದಲ್ಲ. ನನಗೆ ಈ ಕೆಲಸ ಬರುತ್ತದೆಂದು ತಿಳಿದಿದ್ದೆನಲ್ಲ, ಆ ನಂಬಿಕೆ ಹೋಯಿತೆಂದು.

ಮಾರನೆಯ ದಿನ ಅತ್ತೆ ಅಂಗಳ ಸಾರಿಸಲು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ನೋಡುತ್ತಲೇ ನಿಂತೆ. ನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇದ್ದೇನೆ, ನಮ್ಮ ಅತ್ತೆಯದೂ ಬಲಸೆರಗು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಬಾಳು.

"ಅತ್ತೇ, ಒಂದು ಗಳಿಗೆ ಈ ಚೀಲ ಹಾಕ್ಕೊಂಡು ನಿಂತ್ಕೊಳ್ತೀರಾ?"

"ಯಾಕೇ, ನನ್ನೂ ಭಿಕ್ಷಕ್ಕೆ ಕಳಿಸ್ತೀಯಾ?"

"ನಿಮ್ಮ ಕಾಲಿಗೆ ಬೀಳ್ತೀನಿ, ನಿಂತ್ಕೊಳ್ಳಿ."

ನಿಂತರು. ಪಟ್ಟಿಯನ್ನು ಎಡ ಭುಜಕ್ಕೆ ಹಾಕಿದೆ. ಸೆರಗು ಸಲೀಸಾಗಿ ಬಂತು. ಈಗ ಮಗು ಹಿಡಿಯುವ ಹಾಗೆ ಬಗ್ಗಿ ಎಂದೆ. ಬಗ್ಗಿದರು. ಚೀಲ ಜಾರಿ ಮುಂದಕ್ಕೆ ತೂಗಾಡಿತು. ಅತ್ತೆ ಬಗ್ಗಿದ ಹಾಗೇ ಅದನ್ನು ಎರಡು ಸಲ ಹಿಂದಕ್ಕೆ ತಳ್ಳಿದರು, ಎರಡು ಸಲವೂ ಮುಂದಕ್ಕೆ ಬಂತು. ಆರು ಹೆತ್ತವರು ಅವರು. ಆ ಗಳಿಗೆಯಲ್ಲಿ ಸೂಲಗಿತ್ತಿಯ ಕೈ ಎಲ್ಲಿರಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು.

"ನಡಕ್ಕೊಂದು ಕಟ್ಟು ಹಾಕೇ ಇದಕ್ಕೆ" ಎಂದರು. "ಕರುಗೆ ಹಗ್ಗ ಹಾಕ್ದಂಗೆ. ಆಗ ಅಲ್ಲಾಡಲ್ಲ."

ಎದ್ದು ಹೋಗಿ ತಾವೇ ಸೇರು ಕೆಳಗಿಳಿಸಿ, ಮೆಷಿನ್ನಿನ ಮುಸುಕು ತೆಗೆದರು.

ಓರೆ ಬಾಯಿ ಬಿಟ್ಟೆ. ಬಾಯಿ ನೆಟ್ಟಗೆ ಮೇಲಕ್ಕೆ, ಮುಚ್ಚಳ ಬಿಚ್ಚಿ ಯಾವ ಮಗ್ಗುಲಿಗೆ ಬೇಕಾದರೂ ಹಾಕಿಕೊಳ್ಳುವ ಹಾಗೆ ಎರಡೂ ಕಡೆ ಗುಂಡಿ. ಪಟ್ಟಿಗೆ ಮೂರು ಕಾಜಾ. ಕುಳ್ಳಿಗೆ ಮೊದಲನೆಯದು, ಎತ್ತರದವಳಿಗೆ ಮೂರನೆಯದು. ನಡುವಿಗೆ ಒಂದು ಕಟ್ಟು. ಗುಂಡಿಗಳನ್ನು ತೆಂಗಿನ ಚಿಪ್ಪು ಉಜ್ಜಿ ಮಾಡಿದೆ. ತಳಕ್ಕೆ ಅತ್ತೆಯ ಬೊಂತೆ, ಕುಡಿಕೆ ಒಡೆಯದ ಹಾಗೆ. ಎಡಸೆರಗೋ ಬಲಸೆರಗೋ, ಹಾಕಿಕೊಂಡವಳೇ ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು, "ಇದನ್ನ ನಾನು ಹೊಲಿಯಕ್ಕಾಗ್ತಿರ್ಲಿಲ್ಲ ಕಣೇ" ಎಂದರು. ಮೂವತ್ತು ವರ್ಷ ಸಂಸಾರ ಮಾಡಿದೆ, ಅವರ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ. ಸಾಕು.

ಪುಟ್ಟಮ್ಮನಿಗೆ ನೋವು ಬಂದದ್ದು ಒಂದು ಬೆಳಿಗ್ಗೆ. ಗಾಡಿ ಕಳಿಸಿ ಮುನಿಯಮ್ಮನನ್ನು ಕರೆಸಿದರು. ಮಾತಿನ ಹಾಗೆ ಅವಳು ಹಳೇ ಗಂಟನ್ನೇ ಕಂಕುಳಲ್ಲಿಟ್ಟುಕೊಂಡು ಇಳಿದಳು. ನಾನು ಬಾಗಿಲಲ್ಲೇ ಚೀಲ ಹಿಡಿದು ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

"ಹಾಕ್ಕೋ ಮುನಿಯಮ್ಮ" ಎಂದರು ಅತ್ತೆ. "ನನ್ ಮೈಮೇಲೆ ಇಟ್ಟು ನೋಡಿ ಹೊಲಿದವ್ಳೆ. ಒಳಗಿರೋಳು ನನ್ ಮಗಳು. ಸರಿಯಿಲ್ದೆ ಇದ್ರೆ ನಾನು ಹಾಕ್ಕೋ ಅಂತೀನಾ?"

ಮುನಿಯಮ್ಮ ಗಂಟಿನ ಸಾಮಾನನ್ನು ಚೀಲಕ್ಕೆ ತುಂಬಿ, ಅದನ್ನು ಎಡ ಭುಜಕ್ಕೆ ಹಾಕಿಕೊಂಡು, ಮೂರನೇ ಕಾಜಾಕ್ಕೆ ಗುಂಡಿ ಸಿಕ್ಕಿಸಿ, ನಡುವಿಗೆ ಕಟ್ಟಿಕೊಂಡು ಒಳಗೆ ಹೋದಳು. ನಾನು ಬಿಸಿನೀರು ಕೊಡುತ್ತ, ಬಾಗಿಲಲ್ಲೇ ಇದ್ದು ಎಲ್ಲ ನೋಡಿದೆ. ಅವಳು ಸೆರಗು ಎಳೆದಳು, ಬಂತು. ಬಗ್ಗಿದಳು, ಚೀಲ ಸೊಂಟಕ್ಕೆ ಅಂಟಿಕೊಂಡೇ ಇತ್ತು. ಒಂದು ಕೈ ಪುಟ್ಟಮ್ಮನ ಮೇಲಿದ್ದ ಹಾಗೆಯೇ ಇನ್ನೊಂದು ಕೈ ನೋಡದೆ ಚೀಲಕ್ಕೆ ಹೋಗಿ ಎಣ್ಣೆ ತಂತು, ಬಟ್ಟೆ ತಂತು, ದಾರ ತಂತು. ಮಟಮಟ ಮಧ್ಯಾಹ್ನಕ್ಕೆ ಹೆಣ್ಣು ಮಗು ಅತ್ತಿತು. ಆಗ ನಾನೂ ಅತ್ತುಬಿಟ್ಟೆ. ಎರಡು ವರ್ಷ ಎಣ್ಣೆ ಬಿಟ್ಟ ಪಾಪವೆಲ್ಲ ಆ ಮಗುವಿನ ದನಿಯಲ್ಲಿ ತೊಳೆದುಹೋದ ಹಾಗೆ ಅನ್ನಿಸಿತು.

ಹೊರಗೆ ಬಂದ ಮುನಿಯಮ್ಮ ಕೈ ತೊಳೆದು, ಚೀಲ ಬಿಚ್ಚದೆಯೇ ಎಲೆಯಡಿಕೆ ಹಾಕಿಕೊಂಡಳು. "ಬಾಗುಂದಮ್ಮಾ" ಎಂದಳು ನನಗೆ, ಚೆನ್ನಾಗಿದೆ ಎನ್ನುವುದನ್ನೂ ತೆಲುಗಿನಲ್ಲೇ. "ಬಾಗುಂದಿ. ಇನ್ನು ಇದನ್ನ ನಾನು ವಾಪಸ್ ಕೊಡಲ್ಲ." ಮಗುವಿಗೆ ಹೆಸರಿಡುವ ದಿನ ಬಂದಾಗ ಅವಳ ಹಿಂದೆ ಇನ್ನೂ ಮೂವರು ಸೂಲಗಿತ್ತಿಯರಿದ್ದರು, ಮೂವರೂ ಚೀಲಕ್ಕೆ. "ಚೀಲದಮ್ಮ ಇವ್ಳೇ" ಎಂದು ಮುನಿಯಮ್ಮ ನನ್ನನ್ನು ತೋರಿಸಿದಳು. ಅದೇ ಹೆಸರು. ಆವತ್ತು ಮೈ ಉರಿಯಲಿಲ್ಲ.

ಬಾಣಂತನ ಮುಗಿಯಿತು. ಕೃಷ್ಣಪ್ಪ ಕರೆದುಕೊಂಡು ಹೋಗಲು ಬಂದ. ಗಾಡಿಯಲ್ಲಿ ತೊಟ್ಟಿಲು ಏರಿತು, ಅದರ ಪಕ್ಕದಲ್ಲಿ ಮೆಷಿನ್ನೂ ಏರಿತು. ಪುಟ್ಟಮ್ಮ, "ಅಮ್ಮಾ, ಇದು ಅತ್ತಿಗೇಗೆ ಇರ್ಲಿ ಬಿಡಮ್ಮಾ" ಎಂದು ಅಂಗಲಾಚಿದಳು. ಅತ್ತೆಯ ಮುಖವೂ ಬಾಡಿತ್ತು. ಆದರೂ, "ಚಪ್ಪರದಲ್ಲಿ ನಾಲ್ಕು ಜನದ ಮುಂದೆ ಕೊಟ್ಟ ಮಾತು. ನಾಳೆ ನಿನ್ನ ಗಂಡನ ಮನೆಯೋರು ನನ್ನನ್ನ ಏನಂತಾರೆ? ಗಾಡಿ ಹತ್ತು" ಎಂದರು. ನಾನೇ ಮೆಷಿನ್ನಿಗೆ ಹುಲ್ಲಿನ ಒತ್ತು ಕೊಟ್ಟು ಕಟ್ಟಿದೆ. ಗಾಡಿ ತಿರುಗಿದ ಮೇಲೆ ಖಾಲಿ ಮೂಲೆ ನೋಡಲಾರದೆ ಹಿತ್ತಿಲಿಗೆ ಹೋದೆ.

ಹಿಂದೆಯೇ ಅತ್ತೆ ಬಂದರು. ಕೈಯಲ್ಲಿ ಎರಡು ದಬ್ಬಣ.

"ಮೆಷಿನ್ ಹೋದ್ರೆ ಕೈ ಹೋಗಿಲ್ವಲ್ಲೇ. ಮೂವರು ಸೂಲಗಿತ್ತಿಯರು ಕಾಯ್ತಾವ್ರೆ. ಬಾ, ಕೂತ್ಕೋ."

ಮೂರು ಚೀಲಗಳನ್ನು ಅತ್ತೆ ಸೊಸೆ ಇಬ್ಬರೂ ಕೈಯಲ್ಲೇ ಹೊಲಿದೆವು. ಅತ್ತೆಯ ಹೊಲಿಗೆ ಸಾಲು ನನ್ನದಕ್ಕಿಂತ ನೆಟ್ಟಗಿತ್ತು. ಅದನ್ನು ಅವರು ದಿನಕ್ಕೆ ಹತ್ತು ಸಲ ಹೇಳಿದರು.

ಅತ್ತ ಮಾಲೂರಿನಲ್ಲಿ ಬೇರೆಯೇ ಪ್ರಹಸನ. ಚೀಲ ಹೊಲಿಯುವ ಮೆಷಿನ್ ಮಾಲೂರಿಗೆ ಬಂತಂತೆ ಎಂದು ಸುದ್ದಿ ಹಬ್ಬಿ, ಜನ ಕೃಷ್ಣಪ್ಪನ ಅಂಗಡಿಗೆ ಬರತೊಡಗಿದರು. ಪಾಪ, ಅವನು ಕೋಟು ಹೊಲಿಯುವುದರಲ್ಲಿ ಗಟ್ಟಿಗ. ಹಟ ಹಿಡಿದು ಒಂದು ಬಗಲ ಚೀಲವನ್ನೂ ಹೊಲಿದನಂತೆ; ಹಾಕಿಕೊಳ್ಳುವವಳ ಸೆರಗು ಯಾವ ಭುಜದ ಮೇಲಿದೆ ಎಂದು ಮಾತ್ರ ಅವನೂ ಕೇಳಿರಲಿಲ್ಲ.